ಬೋರ್ಡು ಹಿಡಿದು ನಿಂತ ಹೊತ್ತು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಊಟದ ಗಂಟೆ ಹೊಡೆದಿತ್ತು. ಇಸ್ತ್ರಿ ಮೇಜಿನ ಹೆಂಗಸು ಡಬ್ಬಿ ಬಿಚ್ಚಿ, ಎಂದಿನಂತೆ ಶಿಲುಬೆಯ ಗುರುತು ಹಾಕಿಕೊಂಡು ಕಣ್ಣು ಮುಚ್ಚಿದಳು. ಎದುರು ಕೂತಿದ್ದ ಸ್ಟೋರ್ ಗುಮಾಸ್ತನಿಗೆ ಬಾಯಿ ತುರಿಸಿತು.

"ಅಕ್ಕಾ, ಅರ್ಜಿ ಮುಟ್ತಾ? ದೇವರು ರಸೀದಿ ಗಿಸೀದಿ ಕೊಟ್ಟನಾ?"

"ಅರ್ಜಿ ಅಲ್ಲಪ್ಪಾ, ಥ್ಯಾಂಕ್ಸು. ಅದಕ್ಕೆಂಥ ರಸೀದಿ?"

ಎಲ್ಲರೂ ನಕ್ಕರು. ಗೋಡೆಗೊರಗಿ ಒಬ್ಬನೇ ಉಣ್ಣುತ್ತಿದ್ದ, ಯಂತ್ರ ರಿಪೇರಿಯ ಫಿಟ್ಟರ್ ಮಾತ್ರ ನಗಲಿಲ್ಲ. ನಗುವಿನ ಹುರುಪಿನಲ್ಲಿ ಗುಮಾಸ್ತನ ನಾಲಗೆ ಜಾರಿತು.

"ಯಾತಕ್ಕೆ ಥ್ಯಾಂಕ್ಸು? ಭಾವನ್ನ ಆ ಡ್ರಮ್ಮಿಂದ ಎತ್ತಿಕೊಂಡು ಬಂದಾಗ ನಿಮ್ಮ ಯೇಸು ಎಲ್ಲಿ ಹೋಗಿದ್ದ?"

ಇಸ್ತ್ರಿಯವಳು ಡಬ್ಬಿ ಪಕ್ಕಕ್ಕೆ ಸರಿಸಿದಳು.

ಸಿಕ್ಕಿಕೊಂಡ ಬಟ್ಟೆ ಬಿಡಿಸಲು ಒಗೆಯುವ ಯಂತ್ರದ ದೊಡ್ಡ ಡ್ರಮ್ಮಿಗೆ ಇಳಿಯುವವನು ಚಪ್ಪಲಿ ಹೊರಗೆ ಬಿಟ್ಟು, ಸ್ವಿಚ್ಚಿಗೆ 'ಒಳಗೆ ಜನರಿದ್ದಾರೆ' ಎಂಬ ಬೋರ್ಡು ತಗುಲಿಸಬೇಕು. ಹೊರಬಂದು ಅವನೇ ತೆಗೆಯಬೇಕು. ನಾಲ್ಕು ವರ್ಷದ ಹಿಂದೆ ಅವಳ ಗಂಡ ಇಳಿದಿದ್ದಾಗ ಕಸ ಗುಡಿಸುವವಳು ಚಪ್ಪಲಿಯನ್ನು ಮೂಲೆಗೆ ಸರಿಸಿದ್ದಳು. ಚಪ್ಪಲಿ ಕಾಣದ ಫಿಟ್ಟರ್, ಆಸಾಮಿ ಬೋರ್ಡು ತೆಗೆಯಲು ಮರೆತು ಹೋಗಿದ್ದಾನೆಂದುಕೊಂಡು ತಾನೇ ತೆಗೆದು ಸ್ವಿಚ್ಚು ಒತ್ತಿದ. ಗಂಡನನ್ನು ಮಣ್ಣು ಮಾಡಿದ ದಿನವೇ ಅವಳು ಫಿಟ್ಟರನಿಗೆ "ಕ್ಷಮಿಸಿದ್ದೀನಿ" ಎಂದಿದ್ದಳು.

ಈಗ ಗುಮಾಸ್ತನಿಗೆ ಕೊಡಲು ಅವಳ ಬಳಿ ಒಂದೇ ಉತ್ತರವಿತ್ತು. ಅದನ್ನು ಆಡಿದರೆ, ಹತ್ತಡಿ ದೂರದಲ್ಲಿ ಕೂತ ಫಿಟ್ಟರನ ಮುಂದೆ ಮೂರು ವರ್ಷದ ಗುಟ್ಟು ಬಯಲು. ಆಡದಿದ್ದರೆ ಯೇಸುವಿನ ಬಗ್ಗೆ ತನಗೇನೂ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ.

"ಅವತ್ತು ಎಲ್ಲಿದ್ದ ಅಂತ ನಂಗೊತ್ತಿಲ್ಲಪ್ಪಾ. ಪಾದ್ರಿಗಳು ಹೇಳಿದ್ದೂ ತಲೆಗೆ ಹತ್ತಲಿಲ್ಲ. ನಂಗೆ ಗೊತ್ತಿರೋದು ಇನ್ನೊಂದು ದಿನದ್ದು. ಮರುವರ್ಷ ಇವರು ಡ್ರಮ್ಮಿಗೆ ಇಳಿದಿದ್ರು." ಗದ್ದದಿಂದಲೇ ಫಿಟ್ಟರ್ ಕಡೆ ತೋರಿಸಿದಳು. "ಬೋರ್ಡು ಕಳಚಿ ಬಿದ್ದಿತ್ತು. ಎತ್ತಿಕೊಂಡೆ. ಎತ್ತಿಕೊಂಡು ಸುಮ್ನೆ ನಿಂತೆ. ಆಪರೇಟರ್ ಸ್ವಿಚ್ಚಿನ ಕಡೆ ಬರ್ತಿದ್ದ. ಬರಲಿ ಅಂದುಕೊಂಡೆ. ಬಾಯಲ್ಲಿ ಕ್ಷಮೆ, ಹೊಟ್ಟೇಲಿ ಬೆಂಕಿ. ಪ್ರಾರ್ಥನೆ ಮಾಡಿದೆ ಅಂತ ಸುಳ್ಳು ಹೇಳಲ್ಲ, ಮಾಡಲೇ ಇಲ್ಲ. ಆದ್ರೂ ಯಾರೋ ಮೊಣಕೈ ಹಿಡಿದು ಎತ್ತಿದ ಹಾಗೆ ಕೈ ಮೇಲೆ ಹೋಯ್ತು, ಬೋರ್ಡು ತಗುಲಿಸ್ತು. ಆಮೇಲೆ ಆ ಬೆಂಕಿ ಹುಡುಕಿದ್ರೂ ಇರಲಿಲ್ಲ."

"ಅದು ನಿಮ್ಮ ಒಳ್ಳೇತನ ಅಕ್ಕಾ," ಗುಮಾಸ್ತನ ದನಿ ಇಳಿದಿತ್ತು.

"ನನ್ನ ಒಳ್ಳೇತನ ಎಷ್ಟು ಅಂತ ಅವತ್ತೇ ನೋಡಿದ್ನಲ್ಲ. ಅದು ಬೋರ್ಡು ಹಿಡ್ಕೊಂಡು ನಿಂತಿತ್ತು."

ಫಿಟ್ಟರ್ ಡಬ್ಬಿ ಕೆಳಗಿಟ್ಟ.

"ಎಷ್ಟು ಹೊತ್ತು ನಿಂತಿದ್ರಿ?"

"ಹತ್ತು ಎಣಿಸೋ ಅಷ್ಟು. ಹೆಚ್ಚೇ ಇರಬೇಕು."

ಅವನು ಎದ್ದು ನಲ್ಲಿಯಲ್ಲಿ ಕೈ ತೊಳೆದ. ಹೊರಟುಹೋಗುತ್ತಾನೆಂದು ಅವಳು ಎಣಿಸಿದಳು. ಹೋದರೆ ತಡೆಯುವ ಹಕ್ಕು ತನಗಿಲ್ಲ ಎಂದೂ ಅನ್ನಿಸಿತು. ಅವನು ಹೋಗಲಿಲ್ಲ. ಒದ್ದೆ ಕೈಯಲ್ಲೇ ಮೇಜಿನ ಬಳಿ ಬಂದು ನಿಂತ.

"ಮಣ್ಣು ಮಾಡಿದ ದಿನ ಕ್ಷಮಿಸಿದ್ದೀನಿ ಅಂದಿದ್ರಲ್ಲ, ಅದನ್ನ ನಾನು ಒಂದಿನಾನೂ ನಂಬಲಿಲ್ಲ. ಅಷ್ಟು ಸಲೀಸಾಗಿ ಯಾರಿಗೆ ಆಗುತ್ತೆ ಅಂತ." ಮೇಜಿನ ಮೇಲೆ ಕೈ ಊರಿದ. "ಈಗ ಹೇಳಿ. ಇನ್ನೊಂದ್ಸಲ ಹೇಳಿ."

ಅವಳು ಎಲ್ಲರಿಗೂ ಕೇಳುವಂತೆ, ಅವನ ಹೆಸರು ಹಿಡಿದು, ಹೇಳಿದಳು.