ನನ್ನನ್ನು ನಿಲ್ಲಿಸಿದ ಕೈ

ಮೆಕ್ಯಾನಿಕ್ ಸಿಲ್ವ ನನ್ನನ್ನು ನೀರು ತುಂಬಿದ ಡ್ರಮ್ಮಿನ ಅಂಚಿಗೆ ಬಿಗಿಯುತ್ತಿದ್ದ. ನಾನು ದೋಣಿಯ ಹಿಂಬದಿಗೆ ಕಟ್ಟುವ ಎಂಜಿನ್. ಎಲ್ಲೋ ದೂರದ ಕಾರ್ಖಾನೆಯಲ್ಲಿ ಹುಟ್ಟಿ, ಮರದ ಪೆಟ್ಟಿಗೆಯಲ್ಲಿ ಮಲಗಿ ಗಂಗೊಳ್ಳಿಗೆ ಬಂದೆ. ಮೊದಲು ನನ್ನ ಹಗ್ಗ ಎಳೆದವನು ದೋಣಿಯ ಯಜಮಾನ ಹೆರಿಯ. ಅವನ ಅಂಗೈಯ ಬಿಸಿಯಿಂದಲೇ ನನಗೆ ಬೆಳಗಾಗುತ್ತಿತ್ತು.

ಅವನು ಕಡಲಿಗೆ ಹೋಗಿ ವರ್ಷವಾಗಿತ್ತು. ದೋಣಿ ಮಾತ್ರ ಮರಳಿತ್ತು. ಹೆಂಡತಿ ಮುತ್ತು ಮನೆಯಂಗಳದಲ್ಲಿ ನನ್ನನ್ನು ಮಾರಲು ನಿಂತಿದ್ದಳು. ಆದರೆ ಗಂಡ ಸತ್ತ ಎಂಬ ಮಾತು ಮಾತ್ರ ಅವಳ ಬಾಯಿಂದ ಹೊರಟಿರಲಿಲ್ಲ. ರತ್ನಾಗಿರಿಯಲ್ಲಿ ಮಗಳ ಮನೆಯಲ್ಲಿದ್ದ ಅತ್ತೆ "ಮಗ ಬಂದನಾ?" ಎಂದು ಕಾಗದದ ಮೇಲೆ ಕಾಗದ ಬರೆಸುತ್ತಿದ್ದಳು. ಇಲ್ಲಿಂದ ಉತ್ತರ ಹೋಗಿರಲಿಲ್ಲ.

"ಯಜಮಾನ್ರ್ ಇಲ್ಯಾ, ಮುತ್ತಕ್ಕ?" ಬೇರೆ ಊರಿನಿಂದ ಕೊಳ್ಳಲು ಬಂದ ಮಂಜು ಖಾರ್ವಿ ಕೇಳಿದ.

"ಕಡ್ಲಿಗ್ ಹೋಯಿರ್," ಎಂದಳು ಮುತ್ತು.

ಸಿಲ್ವ ಗೇರ್ ಆಯಿಲ್ ಬೆರಳಿಗೆ ಹಚ್ಚಿ ನೋಡಿದ. ಪ್ಲಗ್ ಬಿಚ್ಚಿ ಮೂಸಿದ. "ಒಳ್ಗ್ ನೀರ್ ಹೋಯ್ಲಿಲ್ಲ. ಗಟ್ಟಿ ಇತ್ತ್." ಹಗ್ಗ ಎಳೆದ. ಒಂದೇ ಎಳೆತಕ್ಕೆ ಹೊತ್ತಿಕೊಂಡೆ.

"ಸಾಕ್, ನಿಲ್ಸ್," ಎಂದ ಮಂಜು.

ಸಿಲ್ವ ಗುಂಡಿ ಒತ್ತಿದ. ನಾನು ನಿಲ್ಲಲಿಲ್ಲ.

"ಹೆಂಡ್ತಿ ಬೈಗುಳ ಶುರುವಾದ್ರೆ ನಿಲ್ತಾ ಮಾರಾಯ? ಇದೂ ಹಂಗೇ," ಎಂದು ನಗುತ್ತ ಸೀಮೆಎಣ್ಣೆಯ ಕೊಳವೆ ಕಿತ್ತ. ನನ್ನೊಳಗಿದ್ದ ಹನಿಯೂ ಉರಿದು ಮುಗಿಯಿತು. ಆದರೂ ಓಡುತ್ತಲೇ ಇದ್ದೆ. ಸಿಲ್ವ ನಗು ಬಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

ಹೆರಿಯ ಹೋದ ಆ ದಿನ ನಡುಕಡಲಿನಲ್ಲಿ ಏನಾಯಿತೋ ನಾನರಿಯೆ. ನನಗೆ ತಿಳಿಯುವುದು ಭಾರ ಮತ್ತು ಬಿಸಿ ಮಾತ್ರ. ದೋಣಿ ಒಮ್ಮೆಗೇ ಹಗುರಾಯಿತು. ಬಹಳ ಹೊತ್ತು ಯಾರೂ ನನ್ನ ಹಿಡಿಕೆ ಮುಟ್ಟಲಿಲ್ಲ. ಆಮೇಲೊಂದು ಕೈ ಬಂದು ಕುಳಿತಿತು. ಹಿಡಿತ ಹೆರಿಯನದೇ. ಬಿಸಿ ಇರಲಿಲ್ಲ, ಭಾರವೂ ಇರಲಿಲ್ಲ. ಅದು ನನ್ನನ್ನು ದಡದ ಕಡೆ ತಿರುಗಿಸಿತು. ಮರಳಿಗೆ ಬಡಿದ ಮೇಲೂ, ಎಣ್ಣೆ ತೀರುವವರೆಗೆ ಓಡಿದೆ. ನನ್ನನ್ನು ಯಾರೂ ನಿಲ್ಲಿಸಿರಲೇ ಇಲ್ಲ.

ಈಗ ಅದೇ ಕೈ ಮತ್ತೆ ಬಂದು ಕುಳಿತಿತ್ತು. ಯಾರೂ ಹಿಡಿಯದ ಹಿಡಿಕೆ ಮೆಲ್ಲನೆ ಮನೆಬಾಗಿಲ ಕಡೆ ತಿರುಗಿದ್ದನ್ನು ಮೂವರೂ ಕಂಡರು.

ಮಂಜು ಹಿಂದೆ ಸರಿದ. "ನಂಗ್ ಬೇಡ ಮುತ್ತಕ್ಕ. ಇದ್ರ್ ಯಜಮಾನ್ರ್ ಇಲ್ಲೇ ಇದ್ರ್."

ಮುತ್ತು ಹತ್ತಿರ ಬಂದು ಹಿಡಿಕೆಯ ಮೇಲೆ, ಆ ತಣ್ಣನೆಯ ಕೈಯ ಮೇಲೆಯೇ, ತನ್ನ ಕೈಯಿಟ್ಟಳು. ತೆಗೆಯಲಿಲ್ಲ.

"ಮನಿ ಮುಟ್ಟಿದ್ರಿ, ಸಾಕ್," ಎಂದಳು. "ನೀವ್ ಸತ್ತ್ ವರ್ಷ ಆಯ್ತ್. ಇನ್ ಹೋಯ್ನಿ."

ಗುಂಡಿ ಒತ್ತಿದಳು. ನಿಂತೆ. ಹಿಡಿಕೆಯ ಮೇಲೆ ಒಂದೇ ಕೈ ಉಳಿಯಿತು, ಬಿಸಿಯದು.

ಮುಂದೆ ಬೇರೆಯವರು ನನ್ನನ್ನು ಕೊಂಡರು, ಮಾರಿದರು. ಈಗ ತುಕ್ಕು ಹಿಡಿದು ಸಿಲ್ವನ ಶೆಡ್ಡಿನ ಮೂಲೆಯಲ್ಲಿದ್ದೇನೆ. ಆಮೇಲೆ ಓಡಿಸಿದವರೆಲ್ಲ ನನಗೆ ಮರೆತುಹೋಗಿದ್ದಾರೆ, ನಿಲ್ಲಿಸಿದವಳನ್ನು ಮರೆತಿಲ್ಲ.

ಆ ಸಂಜೆ ಅವಳು ಇನ್ನೂ ಬಿಸಿಯಾರದ ನನ್ನ ಮುಚ್ಚಳದ ಮೇಲೆಯೇ ಕಾಗದವಿಟ್ಟು ಅತ್ತೆಗೆ ಬರೆದಳು. ಮೂರೇ ಸಾಲು. ಬರೆಯುವಾಗ ಅತ್ತಳು, ಲಕೋಟೆ ಅಂಟಿಸುವಾಗ ಅಳಲಿಲ್ಲ. ರಸ್ತೆಯ ತಿರುವಿನ ಕೆಂಪು ಅಂಚೆಡಬ್ಬಿಯ ಬಾಯಿಗೆ ತೂರಿಸಿದ ಮೇಲೂ ಕಾಗದ ಬಿಡದೆ ಕೈಯನ್ನು ಸ್ವಲ್ಪ ಹೊತ್ತು ಒಳಗೇ ಇಟ್ಟುಕೊಂಡು ನಿಂತಿದ್ದಳಂತೆ. ಸಿಲ್ವ ಈಗಲೂ ಹೇಳುತ್ತಾನೆ. ಆಮೇಲೆ ಬೆರಳು ಬಿಟ್ಟಳು.