ನಲ್ಲಪ್ಪನ ಕೀಲಿಗೊಂಚಲು

ನಲ್ಲಪ್ಪನ ಗೊಂಚಲಿನಲ್ಲಿ ನಾಲ್ಕು ಕೀಲಿಗಳಿದ್ದವು, ಜೊತೆಗೊಂದು ಇಕ್ಕಳ. ಕೀಲಿ ಕಳೆದರೆ ಬೇರೆ ಮಾಡಿಸಬಹುದು. ಇಕ್ಕಳ ಹಾಗಲ್ಲ. ಹೆಬ್ಬೆರಳಿನಷ್ಟೇ ಉದ್ದದ ಅದನ್ನು ಬಿಡಿಸಿದರೆ ಹೊಟ್ಟೆಯೊಳಗಿಂದ ಒಂದು ಚಾಕು, ಎರಡು ಸ್ಕ್ರೂಡ್ರೈವರ್, ಒಂದು ಅರ, ಒಂದು ಚಿಮಟ ಹೊರಗೆ ಬರುತ್ತಿದ್ದವು. ಹನ್ನೊಂದು ವರ್ಷದ ಹಿಂದೆ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಅರ್ಧ ದಿನ ನಿಂತು, ಅಂಗಡಿಯವನ ತಾಳ್ಮೆ ಮುಗಿಯುವವರೆಗೂ ಒಂದೊಂದನ್ನೇ ತಿರುಗಿಸಿ ನೋಡಿ ತಂದದ್ದು.

ಬೊಮ್ಮಸಂದ್ರದ ಮಾತ್ರೆ ಫ್ಯಾಕ್ಟರಿಯಲ್ಲಿ ಅವನು ಪ್ಯಾಕಿಂಗ್ ವಿಭಾಗದ ಫಿಟ್ಟರ್. ಮಾತ್ರೆಗಳು ಒಂದೊಂದಾಗಿ ಗುಳಿಗಳಿಗೆ ಬೀಳುತ್ತವೆ, ಮೇಲೆ ಅಲ್ಯೂಮಿನಿಯಂ ಹಾಳೆ ಅಂಟುತ್ತದೆ, ಸ್ಟ್ರಿಪ್ ಆಗಿ ಹೊರಗೆ ಬರುತ್ತದೆ. ಹಾಳೆ ಅಂಟಿದ ಮೇಲೆ ಲೋಹ ಪತ್ತೆ ಮಾಡುವ ಯಂತ್ರವೂ ಕುರುಡು. ಎಲ್ಲವೂ ಲೋಹವೇ ಆದಾಗ ಅದು ಯಾವುದನ್ನು ಹುಡುಕೀತು? ಹಾಗಾಗಿ ಆ ವಿಭಾಗಕ್ಕೆ ಸೇರಿದ ಮೊದಲ ದಿನವೇ ಹಳೆಯ ಫಿಟ್ಟರ್ ಕರಿಬಸಪ್ಪ ಅವನಿಗೊಂದು ಪಾಠ ಹೇಳಿದ್ದ. "ಮಾತ್ರೆ ನುಂಗೋನು ಕಣ್ಮುಚ್ಕೊಂಡು ನುಂಗ್ತಾನೆ ಕಣೋ. ಅವನ ಕಣ್ಣು ನಿನ್ನ ಹೆಬ್ಬೆರಳಲ್ಲಿರಬೇಕು." ಯಂತ್ರದ ಬಳಿ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಸಲಕರಣೆಯ ತುದಿಗಳ ಮೇಲೆ ಹೆಬ್ಬೆರಳು ಸವರಬೇಕು. ತುದಿ ಇದೆಯಾ? ಇದೆ. ಕರಿಬಸಪ್ಪ ರಿಟೈರಾಗಿ ಹೋದ, ಪಾಠ ಉಳಿಯಿತು.

ಈ ವರ್ಷದ ಆಯುಧಪೂಜೆಗೆ ಹದಿನೈದು ದಿನ ಮುಂಚೆ ನೋಟಿಸ್ ಬಂತು. ಇನ್ನು ಮೇಲೆ ಯಾರೂ ಸ್ವಂತ ಸಲಕರಣೆ ಒಳಗೆ ತರುವಂತಿಲ್ಲ. ಹನ್ನೆರಡು ಮಂದಿ ಫಿಟ್ಟರುಗಳಿಗೂ ಕಂಪನಿಯೇ ಕೀಚೈನಿನ ಮಲ್ಟಿ ಟೂಲ್ ಕೊಡುತ್ತದೆ. ಅದರಲ್ಲಿ ಚಾಕು ಇರುವುದಿಲ್ಲ. ಇದನ್ನೆಲ್ಲ ನೋಡಿಕೊಂಡವನು ಖರೀದಿ ವಿಭಾಗದ ಅಮರೇಶ್. ರಾಯಚೂರು ಕಡೆಯ ಹುಡುಗ, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ವಾಸ, ಕೆಟ್ಟವನಲ್ಲ. ನಗುನಗುತ್ತಾ ಮಾತಾಡುತ್ತಿದ್ದ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಬೆವರಿದವನಲ್ಲ, ಅಷ್ಟೇ.

ನಿಯಮದ ಬಗ್ಗೆ ನಲ್ಲಪ್ಪನಿಗೆ ತಕರಾರಿರಲಿಲ್ಲ. ಯಾರ ಜೇಬಿನಲ್ಲಿ ಯಾವ ತುಕ್ಕು ಹಿಡಿದ ಕಬ್ಬಿಣ ಇರುತ್ತದೋ ಯಾರಿಗೆ ಗೊತ್ತು? ಆದರೆ ಪೂಜೆಯ ದಿನ ಹರಿವಾಣದಲ್ಲಿ ಸಾಲಾಗಿ ಜೋಡಿಸಿದ್ದ ಹೊಸ ಸಲಕರಣೆಗಳನ್ನು ನೋಡಿದಾಗ ಅವನಿಗೆ ಸಿಟ್ಟು ಬಂತು. ಥಳಥಳ ಹೊಳೆಯುತ್ತಿದ್ದವು, ಮೇಲೆ ಕಂಪನಿಯ ಹೆಸರು. ಎತ್ತಿದರೆ ತೂಕವೇ ಇಲ್ಲ. ಚಾಕು ಇರಬೇಕಾದ ಕಡೆ ಬಾಟ್ಲಿ ಓಪನರ್.

"ಸಾರ್, ಮಾತ್ರೆ ಫ್ಯಾಕ್ಟ್ರೀಲಿ ಬಾಟ್ಲಿ ಓಪನರ್ ಯಾಕೆ? ರಾತ್ರಿ ಶಿಫ್ಟಿಗೆ ಬೇರೆ ಏನಾದ್ರೂ ಕೊಡ್ತೀರಾ?" ಎಂದು ಕೇಳಿದ. ಫಿಟ್ಟರುಗಳೆಲ್ಲ ನಕ್ಕರು. ಅಮರೇಶನೂ ನಕ್ಕ.

ಕಸ ಗುಡಿಸುವ ಚಿಕ್ಕಮುನಿಯಮ್ಮ ಪ್ರತಿ ವರ್ಷದಂತೆ ಪೂಜೆಯ ಉಸ್ತುವಾರಿ ವಹಿಸಿದ್ದಳು. ಕುಂಕುಮ ಉದುರಬಾರದೆಂದು ಅದನ್ನು ಎಣ್ಣೆಯಲ್ಲಿ ಕಲಸಿ, ಒಂದೊಂದು ಸಲಕರಣೆಯನ್ನೂ ಬಿಡಿಸಿ, ಮೊನೆಮೊನೆಗೂ ಬೊಟ್ಟಿಟ್ಟಳು. ಆಯುಧ ಅಂದರೆ ಮೊನೆಯೇ, ಹಿಡಿಗೆ ಯಾರು ಪೂಜೆ ಮಾಡುತ್ತಾರೆ ಎನ್ನುವುದು ಅವಳ ವಾದ.

ಮಂಗಳಾರತಿ ಮುಗಿದ ಮೇಲೆ ಅಮರೇಶ್ ಹೆಸರು ಕರೆದು ಹಂಚತೊಡಗಿದ. ನಲ್ಲಪ್ಪನ ಸರದಿ ಬಂತು.

"ಕೆಳಗಿಡಿ ಸಾರ್, ನಾನೇ ತಗೊಳ್ತೀನಿ. ಮೊನೆ ಇರೋ ಸಾಮಾನು ಕೈಯಿಂದ ಕೈಗೆ ಕೊಟ್ರೆ ಜಗಳ ಆಯ್ತದೆ ಅಂತಾರೆ."

"ಇದಕ್ಕ ಮೊನೆ ಎಲ್ಲೈತ್ರೀ ನಲ್ಲಪ್ಪ? ಚಾಕೂನ ಇಲ್ಲ!" ಎನ್ನುತ್ತಾ ಅಮರೇಶ್ ಅದನ್ನು ಅವನ ಅಂಗೈಯಲ್ಲೇ ಇಟ್ಟು ಫೋಟೋಗೆ ನಿಂತ.

ಹಳೆಯ ಇಕ್ಕಳ ಹೆಸರು ಬರೆದ ಕವರಿನೊಳಗೆ ಸೇರಿ ಸೆಕ್ಯೂರಿಟಿಯವರ ಪೆಟ್ಟಿಗೆಗೆ ಹೋಯಿತು. ನಲ್ಲಪ್ಪ ಹೊಸದನ್ನು ಚಿಂದಿ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಮಡಚಿ, ಗೊಂಚಲಿಗೆ ಸಿಕ್ಕಿಸಿದ. ಬೀಗರ ಮನೆಯಿಂದ ಬಂದ ಬೇಡದ ಸೀರೆಯನ್ನು ಮಡಿಕೆ ಬಿಚ್ಚದೆ ಬೀರುವಿಗೆ ತುರುಕುತ್ತಾರಲ್ಲ, ಹಾಗೆ.

ಹಬ್ಬದ ರಜೆ ಕಳೆದು ಮಾರನೆಯ ದಿನ ಬೆಳಗಿನ ಶಿಫ್ಟ್. ಮೂರನೆಯ ಯಂತ್ರದಲ್ಲಿ ಮಾತ್ರೆ ಸರಿಯುವ ಕಂಬಿ ಅಲುಗುತ್ತಿತ್ತು. ನಲ್ಲಪ್ಪ ಹೊಸ ಸಲಕರಣೆ ಬಿಡಿಸಿ ಸ್ಕ್ರೂ ಬಿಗಿ ಮಾಡಿದ. ಅರ್ಧ ಗಂಟೆಗೆ ಮತ್ತೆ ಸಡಿಲವಾಯಿತು, ಮತ್ತೆ ಬಿಗಿ ಮಾಡಿದ. ಮೂರನೆಯ ಸಲ ಬಿಗಿ ಮಾಡಿ, ಯಂತ್ರ ಓಡಿಸಲು ಹೇಳಿ, ಸಲಕರಣೆ ಮಡಚುವಾಗ ಹೆಬ್ಬೆರಳು ತನ್ನ ಪಾಡಿಗೆ ತಾನು ತುದಿಯ ಮೇಲೆ ಹೋಯಿತು. ಒರಟು ತಗುಲಿತು. ಬೆಳಕಿಗೆ ಹಿಡಿದು ನೋಡಿದ. ಸ್ಕ್ರೂಡ್ರೈವರಿನ ಒಂದು ಮೂಲೆ ಇಲ್ಲ. ಎಳ್ಳಿನ ಕಾಳಿನಷ್ಟು.

ಎರಡು ಹೆಜ್ಜೆಯಲ್ಲಿ ಹೋಗಿ ಕೆಂಪು ಗುಂಡಿ ಒತ್ತಿದ. ಯಂತ್ರ ನಿಂತಿತು. "ಬೆಳಗ್ಗೆಯಿಂದ ಹೊರಗೆ ಹೋಗಿರೋದೆಲ್ಲ ತಡೀರಿ," ಎಂದು ಕೂಗಿದ. "ಕಬ್ಬಿಣದ ಚೂರು ಹೋಗಿದೆ, ಎಲ್ಲೋ ಗೊತ್ತಿಲ್ಲ."

ಎರಡು ಗಂಟೆ ಹುಡುಕಿದರು. ಟಾರ್ಚು, ಅಯಸ್ಕಾಂತ, ಪೊರಕೆ ಎಲ್ಲವೂ ಬಂದವು. ನಲ್ಲಪ್ಪ ನೆಲದ ಮೇಲೆ ಮಲಗಿ ಯಂತ್ರದ ಹೊಟ್ಟೆಯ ಕೆಳಗೆ ಕೈಯಾಡಿಸಿದ. ಚೂರು ಸಿಗಲಿಲ್ಲ. ಬೆಳಗಿನ ಸರಕಿಗೆಲ್ಲ ಕೆಂಪು ಚೀಟಿ ಬಿತ್ತು. ನಲ್ಲಪ್ಪನಿಗೆ ಮ್ಯಾನೇಜರ್ ಪಂಚಾಕ್ಷರಿಯವರ ಕೊಠಡಿಯಿಂದ ಕರೆ ಬಂತು.

ಮೇಜಿನ ಮೇಲೆ ಮುರಿದ ಸಲಕರಣೆ ಇತ್ತು, ಪಕ್ಕದಲ್ಲಿ ಟೈಪು ಮಾಡಿದ ಮೆಮೊ. ಅಮರೇಶ್ ಅದನ್ನು ಕನ್ನಡದಲ್ಲಿ ಓದಿ ಹೇಳಿದ: ಸಲಕರಣೆಯನ್ನು ಸನ್ನೆಗೋಲಿನಂತೆ ಬಳಸಿ, ನಿರ್ಲಕ್ಷ್ಯದಿಂದ ಮುರಿದಿದ್ದಾರೆ.

"ಸನ್ನೆಗೋಲು?" ನಲ್ಲಪ್ಪನ ದನಿ ಏರಿತು. "ಇದರಲ್ಲಿ? ಇದರಲ್ಲಿ ಕಿವಿ ಗುಗ್ಗೆ ತೆಗೆಯೋಕೂ ಆಗಲ್ಲ ಸಾರ್. ಸ್ಕ್ರೂ ತಿರುಗಿಸಿದೀನಿ, ಅಷ್ಟೇ. ಸ್ಕ್ರೂಡ್ರೈವರ್ ಇರೋದು ಅದಕ್ಕೇ ತಾನೆ?"

"ಕುಣಿಲಾರದಾಕಿ ನೆಲ ಡೊಂಕು ಅಂದಳಂತ," ಎಂದ ಅಮರೇಶ್. ಅವನ ಮುಖವೂ ಬಿಳಿಚಿತ್ತು. ತಂದವನು ಅವನೇ ಅಲ್ಲವೇ. "ನಿಮಗ ಮೊದಲಿಂದಲೂ ಇದರ ಮ್ಯಾಲೆ ಸಿಟ್ಟಿತ್ತು."

"ಸಿಟ್ಟಿತ್ತು. ಈಗಲೂ ಇದೆ. ಸಿಟ್ಟಿದ್ರೆ ಕಬ್ಬಿಣ ಮುರೀತದಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ?"

"ನಲ್ಲಪ್ಪ, ಮೆತ್ತಗೆ," ಎಂದರು ಪಂಚಾಕ್ಷರಿ. ದಾವಣಗೆರೆ ಕಡೆಯವರು, ಕೂಗಾಡುವವರಲ್ಲ, ಆದರೆ ಮೇಲಿನವರಿಗೆ ಸಂಜೆಯೊಳಗೆ ಉತ್ತರ ಕೊಡಬೇಕಿತ್ತು. "ಸಹಿ ಮಾಡಿಬಿಡಿ. ಕೆಲಸ ಏನೂ ಹೋಗಲ್ಲ. ಒಂದು ಕಾಗದ, ಫೈಲಿಗೆ ಸೇರುತ್ತೆ, ಅಷ್ಟೇ."

"ಕಾಗದ ಫೈಲಿಗೆ ಸೇರ್ತದೆ ಸಾರ್, ಸುದ್ದಿ ಲೈನಿಗೆ ಸೇರ್ತದೆ." ನಲ್ಲಪ್ಪ ಮೆಮೊವನ್ನು ಹಿಂದಕ್ಕೆ ತಳ್ಳಿದ. "ನಾನು ಸುಮ್ನೆ ಮಡಚಿ ಜೇಬಿಗೆ ಹಾಕ್ಕೊಂಡಿದ್ರೆ ಯಾರಿಗೆ ಗೊತ್ತಾಗ್ತಿತ್ತು? ದೇವರಾಣೆ ಯಾರಿಗೂ ಇಲ್ಲ. ಇವತ್ತು ಹೇಳಿದವನಿಗೆ ಮೆಮೊ ಕೊಟ್ರೆ ನಾಳೆ ಆ ಹನ್ನೊಂದು ಜನದಲ್ಲಿ ಒಬ್ಬನೂ ಬಾಯಿ ಬಿಡಲ್ಲ. ಆಮೇಲೆ ಚೂರು ಯಾರ ಹೊಟ್ಟೇಲಿ ಸಿಗ್ತದೋ ನೀವೇ ಹುಡುಕ್ಕೊಳ್ಳಿ. ನಾನು ಸಹಿ ಮಾಡಲ್ಲ."

ಆಗ ಬಾಗಿಲು ತಳ್ಳಿಕೊಂಡು ಚಿಕ್ಕಮುನಿಯಮ್ಮ ಬಂದಳು. ಯಂತ್ರದ ಕೆಳಗೆ ಗುಡಿಸಿದ ಧೂಳನ್ನೆಲ್ಲ ಕಾಗದದಲ್ಲಿ ಕಟ್ಟಿ ತಂದಿದ್ದಳು.

"ಸಾರ್, ಇಷ್ಟೇ ಸಿಕ್ಕಿದ್ದು. ಅಯಸ್ಕಾಂತ ಆಡಿಸ್ದೆ, ಏನೂ ಅಂಟ್ಲಿಲ್ಲ." ಪೊಟ್ಟಣವನ್ನು ಮೇಜಿನ ಮೇಲಿಡುವಾಗ ಅವಳ ಕಣ್ಣು ಸಲಕರಣೆಯ ಮೇಲೆ ಬಿತ್ತು. ಬಗ್ಗಿ ನೋಡಿದಳು. "ಇದೇನಾ ಮುರಿದಿರೋದು? ಅಯ್ಯೋ, ಇಲ್ಲಿಗೂ ಕುಂಕುಮ ಬಿದ್ದೈತಲ್ಲ."

"ಎಲ್ಲಿಗೆ?" ಎಂದರು ಪಂಚಾಕ್ಷರಿ.

"ಮುರಿದಿರೋ ಜಾಗಕ್ಕೇ ಸಾರ್. ನೋಡಿ, ಕೆಂಪಗೆ. ನಾನು ಬೊಟ್ಟಿಕ್ಕಿದಾಗ್ಲೇ ಇದು ಹಿಂಗೇ ಮುರಿದಿತ್ತು ಅನ್ಸುತ್ತೆ. ವಯಸ್ಸಾತು, ನಂಗೆ ಕಾಣ್ಲಿಲ್ಲ."

ಪಂಚಾಕ್ಷರಿ ಸ್ಟ್ರಿಪ್ಪಿನ ಮೇಲಿನ ಸಣ್ಣ ಅಕ್ಷರ ಓದುವ ಭೂತಗನ್ನಡಿ ತೆಗೆದರು. ನುಣುಪಾದ ಕಡೆಯ ಕುಂಕುಮವೆಲ್ಲ ಒರೆಸಿ ಹೋಗಿತ್ತು. ಮುರಿದ ಒರಟಿನ ಸಂದುಗಳಲ್ಲಿ ಮಾತ್ರ ಕೆಂಪು ಮೆತ್ತಿ ಕೂತಿತ್ತು.

"ಗೋಡೆ ಬಿದ್ದ ಮೇಲೆ ಸುಣ್ಣ ಬಳಿದ್ರೆ ಒಳಗಿನ ಇಟ್ಟಿಗೆಗೂ ಸುಣ್ಣ ಹತ್ತಿರ್ತದೆ ಸಾರ್," ಎಂದ ನಲ್ಲಪ್ಪ. "ಪೂಜೆಗೆ ಮುಂಚೇನೇ ಮುರಿದಿತ್ತು ಇದು."

"ಒರೆಸಿದ ಬಟ್ಟಿಯಿಂದ ಆಮ್ಯಾಲೆ ಅಂಟಿರಬಹುದಲ್ಲ," ಎಂದ ಅಮರೇಶ್. ಅವನ ದನಿಯಲ್ಲಿ ಈಗ ಬಲವಿರಲಿಲ್ಲ.

"ಅಂಟಿರಬಹುದು," ಎಂದ ನಲ್ಲಪ್ಪ. "ಹನ್ನೆರಡಕ್ಕಿಂತ ಹೆಚ್ಚಿಗೆ ತರಿಸಿ ಸ್ಟೋರಲ್ಲಿ ಇಟ್ಟಿದ್ರಲ್ಲ, ಅವು ಎಲ್ಲಿವೆ? ಅವಕ್ಕೆ ಪೂಜೆಯೂ ಆಗಿಲ್ಲ, ನನ್ನ ಸಿಟ್ಟೂ ತಾಗಿಲ್ಲ. ತೆಗೀರಿ."

ಅಂಟುಪಟ್ಟಿ ಕೂಡ ಕೀಳದ ಪೆಟ್ಟಿಗೆ ಸ್ಟೋರಿನಿಂದ ಬಂತು. ಒಳಗೆ ಎಂಟಿದ್ದವು. ನಲ್ಲಪ್ಪ ಒಂದೊಂದನ್ನೇ ಬಿಡಿಸಿ ಹೆಬ್ಬೆರಳು ಸವರಿದ. ಮೂರನೆಯದರ ಮೂಲೆ ಇರಲಿಲ್ಲ. ಆರನೆಯದರದ್ದೂ ಇರಲಿಲ್ಲ. ಅವೆರಡನ್ನೂ ಮೆಮೊದ ಮೇಲೆ ಪಕ್ಕಪಕ್ಕದಲ್ಲಿಟ್ಟ.

ಚೂರು ಯಂತ್ರದೊಳಗೆ ಬಿದ್ದೇ ಇಲ್ಲ ಎಂದು ಪಂಚಾಕ್ಷರಿಯವರಿಗೆ ಹೋದ ಜೀವ ಬಂದಂತಾಯಿತು. ತಡೆದ ಸರಕನ್ನು ಹೇಗೂ ಪರೀಕ್ಷೆಗೆ ಕಳಿಸುವುದೆಂದರು. ಅದಕ್ಕೆ ನಲ್ಲಪ್ಪನೂ ತಲೆಯಾಡಿಸಿದ, ಅನುಮಾನ ಬಂದದ್ದು ಹೊರಗೆ ಹೋಗಬಾರದು. ಅವರು ಮೆಮೊ ಹರಿದು ಬುಟ್ಟಿಗೆ ಹಾಕಿ, ರಿಜಿಸ್ಟರ್ ಎಳೆದುಕೊಂಡು ಬರೆಯತೊಡಗಿದರು. "ಅಂತೂ ಏನೂ ಆಗಿಲ್ಲ. ಸುಳ್ಳು ಗಾಬರಿ ಅಂತ ಬರೆದು ಮುಗಿಸಿಬಿಡೋಣ. ಇಲ್ಲಿ ಸಹಿ ಹಾಕಿ ನಲ್ಲಪ್ಪ."

ನಲ್ಲಪ್ಪನಿಗೆ ಮೆಮೊ ನೋಡಿದಾಗ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಈಗ ಬಂತು.

"ಯಾರ ಸುಳ್ಳು ಸಾರ್?"

"ಅಲ್ಲ, ಹಾಗಲ್ಲ..."

"ಮನೆ ಮುಂದೆ ಹಾವಿನ ಪೊರೆ ಕಂಡು ಕೂಗಿದವನು ಸುಳ್ಳುಗಾರನಾ? ತುದಿ ಇರಲಿಲ್ಲ, ಅದು ನಿಜ. ಮಿಷಿನ್ ನಿಲ್ಲಿಸಿದ್ದು ಸರಿ, ಅದೂ ನಿಜ. ತಪ್ಪು ಬರೀಲೇಬೇಕು ಅಂದ್ರೆ ನನ್ನ ತಪ್ಪು ನಾನೇ ಹೇಳ್ತೀನಿ, ಬರ್ಕೊಳ್ಳಿ. ಒಳಗೆ ಹೋಗೋ ಮುಂಚೆ ಹೆಬ್ಬೆರಳು ಸವರಬೇಕಿತ್ತು. ಹನ್ನೊಂದು ವರ್ಷ ಸವರಿದೀನಿ. ಇದರ ಮೇಲಿನ ಸಿಟ್ಟಿಗೆ ಇದನ್ನ ನೋಡೋಕೂ ಹೋಗಲಿಲ್ಲ. ಸವರಿದ್ರೆ ಲಾಕರ್ ಹತ್ರಾನೇ ಸಿಕ್ತಿತ್ತು. ಆ ತಪ್ಪಿಗೆ ಮೆಮೊ ಕೊಡಿ, ಇಲ್ಲೇ ಸಹಿ ಹಾಕ್ತೀನಿ. ಸುಳ್ಳು ಅನ್ನೋ ಮಾತಿಗೆ ಹಾಕಲ್ಲ."

ಪಂಚಾಕ್ಷರಿ ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. ಆಮೇಲೆ ಬರೆದದ್ದನ್ನು ಹೊಡೆದುಹಾಕಿ, ರಿಜಿಸ್ಟರನ್ನು ಅವನ ಕಡೆಗೆ ತಿರುಗಿಸಿದರು. ನಲ್ಲಪ್ಪ ದಪ್ಪ ದಪ್ಪ ಅಕ್ಷರದಲ್ಲಿ ಬರೆದ: ಹೊಸ ಸಲಕರಣೆ ಬರುವಾಗಲೇ ಮುರಿದಿತ್ತು. ಮುಂಚೆ ನೋಡದೆ ಇದ್ದದ್ದು ನನ್ನ ತಪ್ಪು. ಯಂತ್ರ ನಿಲ್ಲಿಸಿದ್ದು ಸರಿ. ಕೆಳಗೆ ಸಹಿ ಹಾಕಿದ. ಪಂಚಾಕ್ಷರಿಯೂ ಹಾಕಿದರು.

"ನಿಮ್ಮ ಹಳೇದನ್ನ ವಾಪಸ್ ಕೊಡಿಸ್ತೀನಿ," ಎಂದರು. "ನಿಮಗೊಬ್ಬರಿಗೆ ಅನುಮತಿ."

"ಬೇಡ ಸಾರ್. ನಾನೊಬ್ಬ ಒಳ್ಳೇದು ಹಿಡ್ಕೊಂಡು, ಮಿಕ್ಕ ಹನ್ನೊಂದು ಜನ ಈ ಮುರುಕಲು ಹಿಡ್ಕೊಂಡಿರಬೇಕಾ? ನಿಯಮ ಇರಲಿ. ಸಾಮಾನು ಬದಲಾಯಿಸಿ. ತರೋರು ತಿರುಗಿಸಿ ನೋಡಿ ತರಲಿ."

"ಹಾಗಾದ್ರೆ ನೀವೂ ಹೋಗಿ, ಅಮರೇಶೂ ಬರಲಿ."

ಸಂಜೆ ಇಬ್ಬರೂ ನಲ್ಲಪ್ಪನ ಬೈಕಿನಲ್ಲೇ ಹೆಬ್ಬಗೋಡಿಗೆ ಹೋದರು. ಹಾರ್ಡ್‌ವೇರ್ ಅಂಗಡಿಯ ಯಮನಪ್ಪ ನಾಲ್ಕು ನಮೂನೆಯ ಕೀಚೈನ್ ಇಕ್ಕಳಗಳನ್ನು ಗಾಜಿನ ಮೇಲೆ ಹರಡಿದ. ನಲ್ಲಪ್ಪ ಸೆಕ್ಯೂರಿಟಿಯವರಿಂದ ಬಿಡಿಸಿಕೊಂಡು ಬಂದ ಹಳೆಯ ಇಕ್ಕಳವನ್ನು ಪಕ್ಕದಲ್ಲಿಟ್ಟ. ಚಾಕು ಇಲ್ಲದವು ಎರಡೇ ಇದ್ದವು.

"ತಿರುಗಿಸಿ," ಎಂದು ನಲ್ಲಪ್ಪ ಅಂಗಡಿಯ ಬಾಗಿಲಿನ ಕೀಲಿನ ಸ್ಕ್ರೂ ತೋರಿಸಿದ.

"ನಾನಾ?" ಎಂದ ಅಮರೇಶ್.

"ಮತ್ತೆ? ನನಗೆ ತಿರುಗಿಸಿ ತಿರುಗಿಸಿ ಸಾಕಾಗಿದೆ."

"ನನ್ನ ಬಾಗಿಲು ಕಣ್ರೀ ಅದು!" ಎಂದು ಯಮನಪ್ಪ ಕೂಗಿದ.

"ಬಿಗಿ ಮಾಡ್ತಾರೆ ಬಿಡಣ್ಣ, ಬಿಟ್ಟಿ ಕೆಲಸ."

ಅಮರೇಶ್ ಮೊದಲನೆಯದರಿಂದ ತಿರುಗಿಸಿದ. ತುದಿ ಜಾರಿತು, ಬೆರಳು ತರಚಿತು. ಎರಡನೆಯದು ಕಚ್ಚಿ ಹಿಡಿಯಿತು. ಸ್ಕ್ರೂ ಕಿರ್ರೆಂದು ಒಂದು ಸುತ್ತು ಬಂತು. ಅವನ ಮುಖದ ಮೇಲೆ ಬೆಳಗಿನಿಂದ ಇಲ್ಲದಿದ್ದ ನಗು ಮೂಡಿತು. "ನಾ ಬರೇ ಕ್ಯಾಟಲಾಗಿನ ಫೋಟೋ ನೋಡಿ ಆರಿಸಿದ್ದೆ ನಲ್ಲಪ್ಪ," ಎಂದ ಮೆಲ್ಲಗೆ. "ಮೆಮೊ ಬರೆದವನೂ ನಾನ. ತಪ್ಪಾತು."

"ಅದು ಗೊತ್ತಿತ್ತು," ಎಂದ ನಲ್ಲಪ್ಪ. "ಹೆಬ್ಬೆರಳು ಸವರಿ ನೋಡಿ, ತುದಿ ಇದೆಯಾ?"

ಅಮರೇಶ್ ಸವರಿದ. "ಐತ್ರೀ."

"ಇಂಥಾವು ಹನ್ನೆರಡು. ಎಲ್ಲಾ ತಿರುಗಿಸಿ ನೋಡಿ ತಗೊಳ್ಳಿ, ನಾನಿಲ್ಲೇ ಕೂತಿರ್ತೀನಿ."

ಯಮನಪ್ಪನ ಬಾಗಿಲಿಗೆ ಆ ಸಂಜೆ ಆದಷ್ಟು ಉಪಚಾರ ಅದರ ಜನ್ಮದಲ್ಲಿ ಆಗಿರಲಿಲ್ಲ. ನಲ್ಲಪ್ಪ ಹಳೆಯ ಇಕ್ಕಳವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಅದು ಇನ್ನು ಮನೆಯಲ್ಲಿ ಹೆಂಡತಿ ಅನುಸೂಯಮ್ಮನಿಗೆ ಹಾಲಿನ ಪ್ಯಾಕೆಟ್ ಕತ್ತರಿಸಲಿಕ್ಕೆ. ಎಲ್ಲ ಮುಗಿದ ಮೇಲೆ ಅಮರೇಶ್ ಒಂದನ್ನು ಆರಿಸಿ ಅವನ ಕಡೆಗೆ ಕೈ ಚಾಚಿದ. ಚಾಚಿದ ಕೈ ಅರ್ಧದಲ್ಲೇ ನಿಂತಿತು. ಸಲಕರಣೆಯನ್ನು ಗಾಜಿನ ಮೇಲೆ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡ.

ನಲ್ಲಪ್ಪ ಅದನ್ನು ಎತ್ತಿಕೊಂಡು, ತುದಿಗೆ ಹೆಬ್ಬೆರಳು ಸವರಿ, ಗೊಂಚಲಿಗೆ ಸಿಕ್ಕಿಸಿದ.