ಎಡಗಾಲಿನ ಕಾಲರ್

ಅಯ್ಯೋ ಇಷ್ಟು ಜೋರಾಗಿ ಅಲ್ಲ, ಒತ್ತಿದ್ದೇ ತಡ ಹೊಲಿಗೆ ಮೆಷಿನ್ನು ಓಡಿಯೇಬಿಟ್ಟಿತು, ಈ ಎಡಗಾಲಿಗೆ ಹದವೇ ಗೊತ್ತಿಲ್ಲ, ಬಲಗಾಲಾದರೆ ಪೆಡಲ್ ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು, ಎಲ್ಲವನ್ನೂ ಹೆಬ್ಬೆರಳ ಬುಡದಲ್ಲೇ ತಿಳಿದುಕೊಳ್ಳುತ್ತಿತ್ತು — ಅದೇ ಬುಡದಲ್ಲಿ ಈಗ ಮೂಳೆ ಮುರಿದುಕೊಂಡು ಕೂತಿದೆ, ಕಡಲೆಕಾಳಿನಷ್ಟು ಮೂಳೆ, ಅಂಥದ್ದೊಂದು ಅಲ್ಲಿದೆ ಎಂದು ಬಸ್ಸಿನ ಮೆಟ್ಟಿಲಿನಿಂದ ಹಾರಿ ಬೆರಳೂರುವವರೆಗೂ ನನಗೆ ಗೊತ್ತೇ ಇರಲಿಲ್ಲ. ಎರಡಿರ್ತಾವಮ್ಮ, ಜೋಡಿ, ಎಂದರು ಮೂಳೆ ಡಾಕ್ಟರು, ಎಕ್ಸ್‌ರೇ ಬೆಳಕಿಗೆ ಹಿಡಿದು, ಇದೊಂದು ಹೋಳಾಗಿದೆ ನೋಡಿ, ಗಟ್ಟಿ ತಳದ ಬೂಟು ಹಾಕ್ಕೊಳ್ಳಿ, ಒಳಗೆ ಈ ಮೆತ್ತೆ, ಮೂಳೆ ಇರೋ ಜಾಗಕ್ಕೆ ತೂತು ಬಿಟ್ಟಿದೀನಿ, ಅದರ ಮೇಲೆ ಭಾರ ಬೀಳಬಾರದು, ಬೆರಳು ಮೇಲಕ್ಕೆ ಬಾಗಬಾರದು. ಆಗಲಿ ಸಾರ್ ಎಂದು ತಲೆಯಾಡಿಸಿ ಬಂದವಳು ಬೂಟು ಹಾಕಿಕೊಂಡೇ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಯಲು ಕೂತೆ, ಪೆಡಲ್ ಎಲ್ಲಿದೆ ಎಂದೇ ತಿಳಿಯದೆ ನನ್ನ ರವಿಕೆಯ ತೋಳಿನ ಅಂಚನ್ನು ಕಾಲರಿಗೆ ಸೇರಿಸಿ ಹೊಲಿದುಬಿಟ್ಟೆ, ಇಡೀ ಸಾಲು ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ, ಕತ್ತರಿ ತಂದು ಬಿಡಿಸಿದ ಸೂಪರ್‌ವೈಸರ್ ಮಾತ್ರ ನಗಲಿಲ್ಲ. ಆಮೇಲೆ ಮೆಷಿನ್ ಮುಂದೆ ಕೂತಾಗಲೆಲ್ಲ ಬೂಟು ಬಿಚ್ಚಿಡುತ್ತಿದ್ದೆ, ಮತ್ತೇನು ಮಾಡಲಿ. ಮತ್ತೆ ತೋರಿಸಲು ಹೋದಾಗ ಡಾಕ್ಟರು ಹಿಡಿದೇಬಿಟ್ಟರು, ಮೂಳೆ ಕೂಡಿಲ್ವಲ್ಲಮ್ಮ, ಬೂಟು ಬಿಚ್ತಿದೀರಾ ಅಲ್ವಾ, ಹೀಗೇ ಮಾಡಿದ್ರೆ ಕೊನೆಗೆ ಆ ಮೂಳೆನೇ ತೆಗೀಬೇಕಾಗುತ್ತೆ. ಮೈಯೆಲ್ಲ ಉರಿದುಹೋಯಿತು, ಡಾಕ್ಟರ ಮೇಲಲ್ಲ, ಅವರು ಹೇಳಿದ್ದು ಸರಿಯೇ, ಆ ಕಾಳಿನ ಮೇಲೆ. ತೆಗೆಸುವುದಿಲ್ಲ, ಅದು ನನ್ನದು, ಬಾಯಿ ಮುಚ್ಚಿಕೊಂಡು ಕೂಡಿಕೊಳ್ಳಲಿ.

ಅದಕ್ಕೇ ಈಗ ಬೂಟಿನ ಪಟ್ಟಿ ಬಿಗಿದು ಬಲಗಾಲನ್ನು ಪಕ್ಕಕ್ಕೆ ಚಾಚಿದ್ದೇನೆ, ಅಮ್ಮ ನೀನು ಒಂದೇ ಕಾಲಲ್ಲಿ ಚಂದ್ರನ ಮೇಲೆ ಹೋಗ್ತೀಯಾ, ಎಂದು ಮಗಳು ಬೆಳಿಗ್ಗೆ ಗಗನಯಾತ್ರಿಯದರಂತಿರುವ ಈ ದಪ್ಪ ಬೂಟು ನೋಡಿ ರೇಗಿಸಿದಳು, ಹೂಂ ಕಣೇ, ಹೋಗಿ ಹೊಲಿದು ಬರ್ತೀನಿ. ಬೆನ್ನ ಹಿಂದೆಯೇ ನಿಂತಿದ್ದಾನೆ ಸೂಪರ್‌ವೈಸರ್, ಕೆಟ್ಟವನೇನಲ್ಲ, ಅಕ್ಕಾ ದಾರ ಕತ್ತರಿಸೋ ಟೇಬಲ್‌ಗೆ ಹೋಗಿಬಿಡಿ, ಕಾಲಿಗೂ ಆರಾಮ. ಆರಾಮವಂತೆ! ಆ ಟೇಬಲ್‌ಗೆ ಹೋದವರಲ್ಲಿ ಯಾರು ಮೆಷಿನ್ನಿಗೆ ವಾಪಸ್ಸಾಗಿದ್ದಾರೆ, ಹೆರಿಗೆ ಮುಗಿಸಿ ಬಂದ ನನ್ನ ಓರಗಿತ್ತಿಯನ್ನು ನಾಲ್ಕು ದಿನಕ್ಕೆ ಅಂತ ಕೂರಿಸಿದರು, ಅವಳ ಮಗು ಈಗ ಶಾಲೆಗೆ ಹೋಗುತ್ತಿದೆ, ಅವಳಿನ್ನೂ ಅಲ್ಲೇ ಬೇರೆಯವರು ಹೊಲಿದ ಅಂಗಿಯ ದಾರದ ತುದಿ ಹುಡುಕುತ್ತಾಳೆ. ನಾನು ಹೋಗುವುದಿಲ್ಲ. ಎಡಗಾಲಲ್ಲಿ ಹೊಲೀತೀನಿ ಎಂದೆ, ಎಡಗಾಲಲ್ಲಾ, ತಮಾಷೆ ಮಾಡ್ತಿದೀರಾ, ಇಲ್ಲಪ್ಪಾ ಎಡಗಾಲಲ್ಲೇ, ಸರಿ ಅಕ್ಕಾ, ಒಂದು ಕಾಲರ್ ಹೊಲೀರಿ, ಎರಡು ಮೂಲೇನೂ ಚೂಪಾಗಿ ಬಂದ್ರೆ ಮೆಷಿನ್ನು ನಿಮ್ಮದು, ಇಲ್ಲಾಂದ್ರೆ ಮಾತಾಡ್ದೆ ಟೇಬಲ್‌ಗೆ. ಇದೇ ಆ ಕಾಲರ್. ಮೂಲೆ ಬಂದಾಗ ಸೂಜಿ ಅಲ್ಲೇ ಇಳಿದು ನಿಲ್ಲಬೇಕು, ಆಮೇಲೆ ಬಟ್ಟೆ ತಿರುಗಿಸಬೇಕು, ಒಂದೇ ಒಂದು ಹೊಲಿಗೆ ಮುಂದೆ ಹೋದರೂ ಮೂಲೆ ಕೆಟ್ಟಿತು. ಮೊದಲನೆಯದು ಹೇಗೋ ಬಂತು, ಬೆವರು ಕಣ್ಣಿಗಿಳಿಯಿತು, ಒರೆಸಲು ಕೈ ಬಿಡುವಂತಿಲ್ಲ, ಈಗ ಎರಡನೆಯದರತ್ತ, ಮೆಲ್ಲಗೆ ಕಾಲೇ, ನಿನಗೂ ಐದು ಬೆರಳಿವೆ, ನಿನ್ನೊಳಗೂ ಆ ಜೋಡಿ ಕಾಳುಗಳಿವೆ, ಇಷ್ಟು ವರ್ಷ ಸುಮ್ಮನೆ ಕೂತು ಉಂಡಿದ್ದೀಯ, ದುಡಿ ಈಗ, ಸೂಜಿ ಹತ್ತಿರ ಬಂತು, ಇನ್ನೂ ಹತ್ತಿರ, ಅಕ್ಕಾ ನಿಲ್ಸಿ ನಿಲ್ಸಿ, ಸುಮ್ನಿರಪ್ಪಾ ನೀನು, ಸೂಜಿ, ಮೂಲೆ, ಬಿಡು ಕಾಲೇ, ಬಿಡು — ಸೂಜಿ ಮೂಲೆಯಲ್ಲಿ, ಬಟ್ಟೆಯೊಳಗೆ ಇಳಿದು, ನಿಂತಿದೆ.